ಹೈನದ ಆಕಳಿನ ಬಳಲಿಕೆ



ಸವಣೂರು, ಶಿಗ್ಗಾಂವಿಗಳ ಬಯಲಿನಲ್ಲಿ ಚೈತ್ರ ವೈಶಾಖಗಳ ಬಿಸಿಲೇರಿದೊಡನೆ, ಡೈರಿಗೆ ಹಾಲು ಹಾಕುವ ಮನೆಗಳಲ್ಲಿ ಒಂದು ಚಿಂತೆ ಮೂಡುವುದುಂಟು: ಹಿಂಡಿ ಅಷ್ಟೇ, ಮೇವು ಅಷ್ಟೇ, ಹಾಲು ಮಾತ್ರ ಇಳಿದಿದೆ. ದೃಷ್ಟಿ ತಗುಲಿತೆಂದು ಕೆಲವರು ನಿವಾಳಿಸುವರು. ಹಿಂಡಿಯನ್ನು ಹೆಚ್ಚಿಸುವವರೂ ಉಂಟು. ಆದರೆ ಅನೇಕ ವೇಳೆ ಇದರ ಕಾರಣವು ಕೊಟ್ಟಿಗೆಯ ತಗಡಿನ ಮಾಡಿನಲ್ಲಿಯೋ ಹಾಲು ಹಿಂಡುವವರ ಗದರಿಕೆಯಲ್ಲಿಯೋ ಇರುವುದು.

ತಿಂದ ಮೇವು ಹೊಟ್ಟೆಯಲ್ಲಿ ಹುದುಗಿ ಜೀರ್ಣವಾಗುವಾಗ ಆಕಳ ಒಡಲಲ್ಲಿಯೇ ಶಾಖವು ಹುಟ್ಟುತ್ತದೆ. ಹೆಚ್ಚು ಹಾಲು ಕೊಡುವ ಆಕಳು ಹೆಚ್ಚು ತಿನ್ನಬೇಕಾದುದರಿಂದ ಅದರ ಶಾಖವೂ ಹೆಚ್ಚು. ಬಂಕಾಪುರದ ಕೋಟೆಯೊಳಗೆ ಸಂವರ್ಧಿಸುವ ಕಿಲಾರಿಯಂಥ ದೇಶೀ ತಳಿಗಳು ಸಡಿಲವಾದ ಚರ್ಮದಿಂದಲೂ ಬೆವರುವ ಶಕ್ತಿಯಿಂದಲೂ ಬಿಸಿಲನ್ನು ತಾಳಿಕೊಳ್ಳಬಲ್ಲವು. ಶೀತದೇಶದಿಂದ ಬಂದ ಎಚ್.ಎಫ್. ತಳಿಗಾದರೋ 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಷ್ಟವು ಆರಂಭವಾಗುತ್ತದೆ. ಮಧ್ಯಾಹ್ನದಲ್ಲಿ ಕೊಟ್ಟಿಗೆಯೊಳಗೆ ನಿಂತು ಆಕಳ ಪಕ್ಕೆಯನ್ನು ನೋಡಿರಿ: ಅದು ನಿಮಿಷಕ್ಕೆ 60 ಸಲ ಮೀರಿ ಏರಿಳಿಯುತ್ತಿದ್ದರೆ, ಬಾಯಿಂದ ಜೊಲ್ಲು ಸುರಿಯುತ್ತಿದ್ದರೆ, ಮಲಗಿ ಮೆಲುಕು ಹಾಕಬೇಕಾದ ಹೊತ್ತಿನಲ್ಲಿ ಸುಮ್ಮನೆ ನಿಂತಿದ್ದರೆ, ಅದು ಶಾಖದಿಂದ ಬಳಲುತ್ತಿದೆಯೆಂದು ತಿಳಿಯಬೇಕು. ಇಂಥ ಆಕಳು ಬೆದೆಯನ್ನು ಸ್ಪಷ್ಟವಾಗಿ ತೋರದು, ಗರ್ಭವನ್ನೂ ಬೇಗನೆ ಕಟ್ಟದು.

ಹಾನಗಲ್ಲು, ಹಿರೇಕೆರೂರುಗಳಂತೆ ಮಲೆನಾಡಿನ ಸೆರಗಿಗೆ ಹತ್ತಿರವಾದ ಕಡೆಗಳಲ್ಲಿ ಮೊದಲ ಮಳೆ ಬಿದ್ದು ಸೆಕೆ ಕವಿದಾಗ, ಬಿಸಿಲು ತಗ್ಗಿದರೂ ಬೆವರು ಆರದುದರಿಂದ ಆಕಳ ಏದುಸಿರು ನಿಲ್ಲದು. ಆಗ ಗಾಳಿಯಾಡದ ಕೊಟ್ಟಿಗೆಯಲ್ಲಿ ಮೈಮೇಲೆ ನೀರು ಸುರಿಯುವುದು ತಂಪಿಗೆ ಬದಲಾಗಿ ಉಬ್ಬಸವನ್ನು ತರುವುದು. ಮೊದಲು ಗೋಡೆ ತೆರೆದು ಗಾಳಿಗೆ ದಾರಿ ಮಾಡಬೇಕು. ತಗಡಿನ ಮೇಲೆ ಭತ್ತದ ಹುಲ್ಲು ಹೊದಿಸಿದರೂ ಬಿಸಿ ಎಷ್ಟೋ ತಗ್ಗುತ್ತದೆ. ಗೋವಿನಜೋಳದ ಒಣ ಕಣಕಿಯನ್ನು ಸಂಜೆ ತಂಪಾದ ಮೇಲೆ ಹಾಕಿ, ಹಗಲಿಗೆ ಹಸಿಮೇವನ್ನು ಉಳಿಸುವುದು ಲೇಸು. ಹಾಲಿನಲ್ಲಿ ನೂರಕ್ಕೆ 87 ಭಾಗದಷ್ಟು ನೀರೇ ಇರುವುದರಿಂದ, ದಿನಕ್ಕೆರಡು ಬಾರಿ ಬಕೆಟ್ಟು ತೋರಿಸಿ ತೃಪ್ತರಾಗುವುದು ನನ್ನ ಮಟ್ಟಿಗೆ ಸಾಕಣೆಯೇ ಅಲ್ಲ. ಬೇಸಿಗೆಯಲ್ಲಿ 60 ಲೀಟರಿಗೂ ಮಿಕ್ಕಿ ಕುಡಿಯುವ ಆಕಳ ಮುಂದೆ ನೀರು ಹಗಲಿರುಳೂ ಇರಬೇಕು.

ಭಯದ ಕ್ಲೇಶವೂ ಕಡಿಮೆಯದಲ್ಲ. ಕರುವಿನ ಸ್ಪರ್ಶದಿಂದಲೋ ಪರಿಚಿತವಾದ ಕೈಯಿಂದಲೋ ಆಕ್ಸಿಟೋಸಿನ್ ಎಂಬ ಅಂತಃಸ್ರಾವವು ರಕ್ತಕ್ಕೆ ಇಳಿದಾಗ ಮಾತ್ರ ಆಕಳು ತೊರೆ ಬಿಡುತ್ತದೆ. ಕೋಲಿನ ಪೆಟ್ಟು, ನಾಯಿಯ ಬೊಗಳಿಕೆ, ಅಪರಿಚಿತನ ಕೂಗು ಇವುಗಳಿಂದ ಬೆದರಿದರೆ ಅಡ್ರಿನಲಿನ್ ಅದನ್ನು ತಡೆಯುವುದು. ಆ ತೊರೆಯ ಅವಧಿಯೂ ಕೆಲವೇ ನಿಮಿಷಗಳದು. ಹೀಗೆ ನಿಂತ ಹಾಲನ್ನು ಸೂಜಿ ಚುಚ್ಚಿ ಇಳಿಸುವುದು ಪ್ರಾಣಿಗೆ ಮಾಡುವ ಅನ್ಯಾಯ.

ಒಂದು ಮಾತನ್ನು ಮರೆಯದಿರಿ. ಆರೋಗ್ಯವಂತ ಆಕಳ ಮೈಶಾಖ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಸೂರ್ಯೋದಯಕ್ಕೆ ಮುನ್ನವೇ ಅದು 103ನ್ನು ದಾಟಿದ್ದರೆ ಬಿಸಿಲಿನ ಮೇಲೆ ಹೊರಿಸಿ ಕಾಯಬೇಡಿರಿ, ಪಶುವೈದ್ಯರನ್ನು ಕರೆಯಿಸಿರಿ.