ಆಟಿಯ ಮಳೆ, ಒಣನಾಡಿನ ಗಿಡ

ಕೊಟ್ಟಾರದ ಅಂಗಳದಲ್ಲಿ ಕ್ಯಾಕ್ಟಸ್ ಬೆಳೆಸುತ್ತೇನೆಂದಾಗ ನೆರೆಯವರು ನಕ್ಕರು. ಬೇಲಿಯ ಕಳ್ಳಿಗೆ ಹೂವಿನ ಚಟ್ಟಿಯೇಕೆಂದರು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ. ಮೆಕ್ಸಿಕೋದ ಒಣನೆಲದ ಬೇರು ಅದನ್ನು ತಾಳಬೇಕಲ್ಲ! ಆಟಿ ಕಳೆಯುವಷ್ಟರಲ್ಲಿ ಹನ್ನೊಂದು ಗಿಡಗಳಲ್ಲಿ ಒಂಬತ್ತು ಹೋದವು. ಹಸಿರಾಗಿಯೇ ತೋರುತ್ತಿದ್ದ ಗುಂಡನ್ನು ಮುಟ್ಟಿದರೆ ಬೆರಳು ಒಳಗಿಳಿಯುತ್ತಿತ್ತು. ಉಳಿದೆರಡು ಗಿಡಗಳು ಕಸಿಯಾಗಿಯೇ ಬಂದವೆಂಬುದು ಆಮೇಲೆ ಹೊಳೆಯಿತು.

ಕ್ಯಾಕ್ಟಸ್ ಕುಲವೆಲ್ಲ ಮರುಭೂಮಿಯದಲ್ಲ. ಮಳೆಕಾಡಿನ ಮರಗಳನ್ನು ಆಶ್ರಯಿಸಿ ಬಾಳುವವೂ ಉಂಟು. ನಕ್ಕವರ ಮನೆಯಲ್ಲಿಯೇ ರಾತ್ರಿ ಅರಳುವ ಬ್ರಹ್ಮಕಮಲ ಅಂಥದೊಂದು. ಹಿಮಾಲಯದ ಬ್ರಹ್ಮಕಮಲ ಬೇರೆ, ಆ ಮಾತು ಹಾಗಿರಲಿ. ಡ್ರ್ಯಾಗನ್ ಹಣ್ಣಿನ ಬಳ್ಳಿ ಇನ್ನೊಂದು. ಇದರ ಮೇಲೆ ಒಣನಾಡಿನ ಗಿಡವನ್ನು ಕಸಿಮಾಡಿದರೆ ಬೇರು ಕೊಳೆಯುವ ಭಯ ಬಹುಮಟ್ಟಿಗೆ ತಪ್ಪುತ್ತದೆ.

ಮಳೆಗೆ ಮೊದಲೇ, ಮಾರ್ಚ್ ಏಪ್ರಿಲಿನಲ್ಲಿ, ಬಳ್ಳಿಯ ಮೂರಂಚಿನ ಕಾಂಡವನ್ನು ಹರಿತವಾದ ಅಲಗಿನಿಂದ ಅಡ್ಡಕ್ಕೆ ಕೊಯ್ಯಬೇಕು. ನಡುವೆ ರಸವಾಹಿ ನಾಳಗಳ ಉಂಗುರ ಕಾಣುತ್ತದೆ. ಮೇಲಿಡುವ ತುಂಡಿನಲ್ಲಿಯೂ ಅಂಥದೇ ಉಂಗುರ. ಅವೆರಡೂ ಒಂದೆಡೆಯಾದರೂ ಸಂಧಿಸದಿದ್ದರೆ ಕಸಿ ವ್ಯರ್ಥ. ನಡುವಿಗೆ ನಡುವಿಟ್ಟೇ ನಾನು ಅನೇಕ ಸಲ ಸೋತೆ; ಗಾತ್ರ ಬೇರೆಯಾದಾಗ ತುಸು ಪಕ್ಕಕ್ಕೆ ಸರಿಸಬೇಕಿತ್ತು. ಬಳಿಕ ಚಟ್ಟಿಯ ತಳ ಸೇರಿಸಿ ರಬ್ಬರ್ ಬ್ಯಾಂಡಿನಿಂದ ಬಿಗಿದು ನೆರಳಿನಲ್ಲಿಡಬೇಕು. ಗಾಯಕ್ಕೆ ನೀರು ಸೋಕಬಾರದು.

ಅಂದು ಉಳಿದವುಗಳಲ್ಲಿ ಒಂದು ಕೆಂಪು ಗುಂಡು. ಅದರ ಮೈಯಲ್ಲಿ ಪತ್ರಹರಿತ್ತೇ ಇಲ್ಲ. ತನ್ನ ಅನ್ನವನ್ನು ತಾನು ಬೇಯಿಸಿಕೊಳ್ಳಲಾರದು, ಕೆಳಗಿನ ಹಸಿರು ಕಾಂಡವೇ ಉಣಿಸಬೇಕು. ಕೆಲವು ವರ್ಷಗಳಲ್ಲಿ ಆ ಕಾಂಡ ಸೊರಗುತ್ತದೆ. ಆಗ ಇನ್ನೊಂದಕ್ಕೆ ದಾಟಿಸಬೇಕು. ನನ್ನದು ಈಗ ಮೂರನೆಯ ಬುಡದ ಮೇಲಿದೆ.