ನೀರು ಕುಡಿಯದೆ ಮಾಡುವ ಡ್ಯೂಟಿ

(ಎಜ್‌ವೇರ್‌ನಲ್ಲಿ ಭಾನುವಾರದ ಸಭೆಯಲ್ಲಿ ಆಡಿದ ಮಾತು)



ನೈಟ್ ಡ್ಯೂಟಿ ಮುಗಿಸಿ ಮನೆಗೂ ಹೋಗದೆ ನೇರ ಇಲ್ಲಿಗೇ ಬಂದವರು ನಾಲ್ಕೈದು ಜನ ಇದ್ದೀರಿ. ಕಣ್ಣು ನೋಡಿದರೇ ಗೊತ್ತಾಗುತ್ತೆ. ಹಾಗಾಗಿ ಉದ್ದದ ಭಾಷಣ ಬೇಡ. ಒಂದೇ ಪ್ರಶ್ನೆ ಕೇಳಿ ಶುರು ಮಾಡುತ್ತೇನೆ. ನಿನ್ನೆ ಡ್ಯೂಟಿಯಲ್ಲಿದ್ದಾಗ ನೀವು ಎಷ್ಟು ಲೋಟ ನೀರು ಕುಡಿದಿರಿ?

ನಗಬೇಡಿ. ನಾನು ಈ ದೇಶಕ್ಕೆ ಬಂದ ಮೊದಲ ಚಳಿಗಾಲ. ಮನೆ ಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಬೆಳಿಗ್ಗೆ ಆರೂವರೆಗೆ ಬರ್ನ್ಟ್ ಓಕ್‌ನಲ್ಲಿ ಒಂದು ಮನೆ, ಅಲ್ಲಿಂದ ಕ್ಯಾನನ್ಸ್ ಪಾರ್ಕ್, ಮತ್ತೆ ವಾಪಸು ಎಜ್‌ವೇರ್. ಮಧ್ಯಾಹ್ನ ಎರಡು ಗಂಟೆಯವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕಲ್ಲ, ಎಲ್ಲಿಗೆ ಹೋಗುವುದು? ನೋಡಿಕೊಳ್ಳುವವರ ಮನೆಯ ಟಾಯ್ಲೆಟ್ ಕೇಳಲು ನಾಚಿಕೆ. ರೋಟಾದಲ್ಲಿ ಎರಡು ಮನೆಗಳ ನಡುವೆ ಕೊಟ್ಟಿದ್ದ ಸಮಯ ಬಸ್ಸಿಗೇ ಸಾಲುತ್ತಿರಲಿಲ್ಲ. ಎರಡು ಸಲ ಉರಿಮೂತ್ರ ಬಂತು. ಎರಡನೇ ಸಲ ಚಳಿಜ್ವರ ಹಿಡಿದು ಒಂಬತ್ತು ದಿನ ಮಲಗಿದೆ. ನನ್ನ ಕೈಗೆ ಸಂಬಳ ಕಡಿಮೆ ಬಂತು, ಅದು ನನ್ನ ಕಷ್ಟ. ಆದರೆ ಕಂಪನಿಯವರು ಆ ಒಂಬತ್ತು ದಿನ ನನ್ನ ಮನೆಗಳಿಗೆ ಬೇರೆ ಕಡೆಯಿಂದ ಜಾಸ್ತಿ ದುಡ್ಡು ಕೊಟ್ಟು ಜನ ಕರೆಸಿದರು. ದಿನಕ್ಕೆ ಹದಿನೈದು ನಿಮಿಷ ಉಳಿಸಲು ಹೋಗಿ ಅವರು ಕಳೆದುಕೊಂಡದ್ದು ಎಷ್ಟು ಅಂತ ಅವರು ಯಾವತ್ತೂ ಲೆಕ್ಕ ಹಾಕಿರಲಿಕ್ಕಿಲ್ಲ.

ಆಗ ಊರಿಗೆ ಫೋನ್ ಮಾಡಿದಾಗ ನಮ್ಮಕ್ಕ ಕೇಳಿದ ಮೊದಲ ಮಾತು, "ಅಲ್ಲೂ ಅದೇನಾ?" ಅಂತ. ಅಕ್ಕ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಹನ್ನೆರಡು ವರ್ಷ ಟೈಲರ್. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಎದ್ದು ಹೋದರೆ ಪೀಸ್ ಕಡಿಮೆ, ಪೀಸ್ ಕಡಿಮೆ ಆದರೆ ಸೂಪರ್‌ವೈಸರ್ ಬಾಯಿ. ಹಾಗಾಗಿ ಅವಳೂ ನೀರು ಕುಡಿಯುತ್ತಿರಲಿಲ್ಲ. ಎಂಟು ಸಾವಿರ ಕಿಲೋಮೀಟರ್ ದೂರ ಬಂದರೂ ಅಕ್ಕ-ತಂಗಿಯರ ಕಾಯಿಲೆ ಒಂದೇ!

ಈಗ ವಿಷಯಕ್ಕೆ ಬರುತ್ತೇನೆ. ಹೆಂಗಸರ ಆರೋಗ್ಯ, ಕಲಿಕೆ, ಸಂಬಳ ಅಂದ ಕೂಡಲೇ ಮಾಲೀಕರು ಅದನ್ನು ದಾನಧರ್ಮದ ಪಟ್ಟಿಗೆ ಸೇರಿಸುತ್ತಾರೆ. ನಾವೂ ಹಾಗೇ ಕೇಳುತ್ತೇವೆ, ತಲೆ ತಗ್ಗಿಸಿ, "ಸಾರ್, ದಯವಿಟ್ಟು" ಅಂತ. ಅದು ದಾನ ಅಲ್ಲ, ಬಂಡವಾಳ. ಇದು ನನ್ನ ಬಾಯಿಮಾತಲ್ಲ, ನಮ್ಮ ಬೆಂಗಳೂರಿನಲ್ಲೇ ಅಳೆದು ನೋಡಿದ ಲೆಕ್ಕ ಇದೆ.

ಗ್ಯಾಪ್ ಅನ್ನುವ ಅಮೆರಿಕದ ಬಟ್ಟೆ ಕಂಪನಿ 2007ರಲ್ಲಿ 'ಪೇಸ್' ಅಂತ ಒಂದು ತರಬೇತಿ ಶುರು ಮಾಡಿತು, ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗಾಗಿ. ವಾರಕ್ಕೆ ಎರಡು ಗಂಟೆ, ಒಟ್ಟು ಸುಮಾರು 80 ಗಂಟೆ. ಎದುರಿಗೆ ನಿಂತು ಮಾತಾಡುವುದು, ಸಮಯ ಹೊಂದಿಸುವುದು, ದುಡ್ಡಿನ ಲೆಕ್ಕ, ಹೆಣ್ಣಿನ ದೇಹದ ಆರೋಗ್ಯ, ಶುಚಿತ್ವ. ಹೊಲಿಗೆ ಇದರಲ್ಲಿ ಇಲ್ಲವೇ ಇಲ್ಲ. ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್‌ನ ಫ್ಯಾಕ್ಟರಿಗಳಲ್ಲಿ ಇದನ್ನು ನಡೆಸಿದಾಗ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಂ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು ಚೀಟಿ ಎತ್ತಿ ಕೆಲವರಿಗೆ ತರಬೇತಿ ಕೊಡಿಸಿ, ಉಳಿದವರಿಗೆ ಕೊಡಿಸದೆ, ಎರಡೂ ಗುಂಪಿನ ಕೆಲಸ ಹೋಲಿಸಿದರು. ಕಲಿತವರ ಕೆಲಸ ಸ್ಪಷ್ಟವಾಗಿ ಹೆಚ್ಚಿತ್ತು. 2018ರಲ್ಲಿ ಅವರು ಬರೆದ ಪ್ರಕಾರ, ತರಬೇತಿ ಮುಗಿದ ಎಂಟೇ ತಿಂಗಳಿಗೆ ಕಂಪನಿಗೆ ಖರ್ಚು ಕಳೆದು ಬಂದ ಲಾಭ 250 ಪರ್ಸೆಂಟ್‌ಗಿಂತ ಜಾಸ್ತಿ. ಅಂದರೆ ನೂರು ರೂಪಾಯಿ ಹಾಕಿದರೆ ಆ ನೂರೂ ವಾಪಸು, ಮೇಲೆ ಇನ್ನೂರೈವತ್ತು. ಯಾವ ಚೀಟಿ ಫಂಡ್ ಕೊಡುತ್ತೆ ಇಷ್ಟು? ಅದೇ ಮೂವರು ಅಲ್ಲಿಯ ಫ್ಯಾಕ್ಟರಿಗಳಲ್ಲಿ ಇನ್ನೊಂದನ್ನೂ ನೋಡಿದರು. ಕರೆಂಟ್ ಉಳಿಸಲೆಂದು ಹಳೇ ದೀಪ ತೆಗೆದು ಎಲ್‌ಇಡಿ ಹಾಕಿದ್ದರು. ಅವು ಬಿಸಿ ಕಡಿಮೆ ಬಿಡುತ್ತವೆ. ಬೇಸಿಗೆ ದಿನಗಳಲ್ಲಿ ಹೊಲಿಗೆ ಹೆಚ್ಚಾಯಿತು. ಬೆವರು ಕಡಿಮೆ ಆದರೆ ಕೈ ಓಡುತ್ತೆ, ಇದಕ್ಕೆ ಅರ್ಥಶಾಸ್ತ್ರಜ್ಞರೇ ಬೇಕಿತ್ತಾ ಅಂತ ನಮ್ಮಕ್ಕ ಕೇಳಿದಳು. ಬೇಕಿತ್ತು. ಅವಳು ಹೇಳಿದ್ದರೆ ಯಾರು ಕೇಳುತ್ತಿದ್ದರು?

ಆದರೆ ಅದೇ ಬರಹದಲ್ಲಿ ಇನ್ನೊಂದು ಅಂಕಿ ಇದೆ, ಅದನ್ನು ಮುಚ್ಚಿಟ್ಟರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ತರಬೇತಿ ಪಡೆದ ಹೆಣ್ಣುಮಕ್ಕಳ ಸಂಬಳ ಏರಿದ್ದು ಎಷ್ಟು ಗೊತ್ತಾ? ಸುಮಾರು ಅರ್ಧ ಪರ್ಸೆಂಟ್. ಹತ್ತು ಸಾವಿರಕ್ಕೆ ಐವತ್ತು ರೂಪಾಯಿ. ಕಂಪನಿ ಹಾಕಿದ ದುಡ್ಡು ಕಂಪನಿಗೆ ವಾಪಸು ಬರುತ್ತೆ, ಅದು ನಿಜ. ನಮ್ಮ ಪಾಲು ತಾನಾಗಿ ಬರುವುದಿಲ್ಲ, ಅದೂ ಅಷ್ಟೇ ನಿಜ. ಅದನ್ನು ಕೇಳಿ ಪಡೆಯಬೇಕು.

ಕೇಳಿ ಪಡೆದದ್ದೂ ಇದೆ. 2016ರ ಏಪ್ರಿಲ್ ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ದಿಲ್ಲಿ ನಿಯಮ ಮಾಡಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಜನ ಹೊಸೂರು ರಸ್ತೆಗೆ ಇಳಿದರು. ಮಗಳ ಮದುವೆಗೆ, ಗಂಡನ ಆಪರೇಷನ್‌ಗೆ ಅಂತ ನಂಬಿಕೊಂಡಿದ್ದ ಗಂಟು ಅದು. ಎರಡೇ ದಿನ. ಏಪ್ರಿಲ್ 19ಕ್ಕೆ ಕೇಂದ್ರ ಸರ್ಕಾರ ನಿಯಮ ವಾಪಸು ತೆಗೆದುಕೊಂಡಿತು. ಕಲ್ಲು, ಲಾಠಿ, ಕೇಸು ಎಲ್ಲಾ ಆಯಿತು, ಅದನ್ನು ನಾನು ಹೊಗಳುವುದಿಲ್ಲ. ಮೊದಲೇ ಕರೆದು ಮಾತಾಡಿದ್ದರೆ ಆಗುತ್ತಲೇ ಇರಲಿಲ್ಲ.

ನಾವು ಈಗ ಕೂತಿರುವ ಜಾಗದಿಂದ ಸುಮಾರು ಐದು ಮೈಲಿ ದೂರದಲ್ಲೂ ಇಂಥದ್ದೇ ಒಂದು ನಡೆದಿತ್ತು. ಡಾಲಿಸ್ ಹಿಲ್ ಹತ್ತಿರ ಗ್ರನ್‌ವಿಕ್ ಅಂತ ಫೋಟೊ ತೊಳೆಯುವ ಫ್ಯಾಕ್ಟರಿ. ಆಫ್ರಿಕಾದಿಂದ ಬಂದ ಗುಜರಾತಿ ಹೆಂಗಸರೇ ಅಲ್ಲಿ ಹೆಚ್ಚು. ಟಾಯ್ಲೆಟ್‌ಗೆ ಹೋಗಲು ಸ್ಕೂಲ್ ಮಕ್ಕಳ ಹಾಗೆ ಕೈ ಎತ್ತಿ ಅನುಮತಿ ಕೇಳಬೇಕಿತ್ತು. 1976ರ ಆಗಸ್ಟ್‌ನಲ್ಲಿ ಜಯಾಬೆನ್ ದೇಸಾಯಿ ಅನ್ನುವ ಪುಟ್ಟ ಆಕಾರದ ಹೆಂಗಸು ಕೆಲಸ ಬಿಟ್ಟು ಹೊರಗೆ ಬಂದು ನಿಂತರು, ಸೀರೆ ಉಟ್ಟು. ಸುಮಾರು ಎರಡು ವರ್ಷ ನಡೆದ ಮುಷ್ಕರ. ಕೊನೆಗೆ ಅವರು ಗೆಲ್ಲಲಿಲ್ಲ, 1978ರಲ್ಲಿ ಕೈಬಿಡಬೇಕಾಯಿತು, ಹೋದ ಕೆಲಸ ವಾಪಸು ಸಿಗಲಿಲ್ಲ. ಆದರೆ ವಲಸೆ ಬಂದ ಹೆಂಗಸರು ಬಾಯಿ ಬಿಡುವುದಿಲ್ಲ ಅನ್ನುವ ಮಾತು ಈ ಊರಲ್ಲಿ ಅವತ್ತಿಗೇ ಮುಗಿಯಿತು.

ನಾನು ನಿಮ್ಮನ್ನು ರಸ್ತೆಗೆ ಇಳಿಯಿರಿ ಅನ್ನುತ್ತಿಲ್ಲ. ವೀಸಾದ ಮೇಲೆ ಇರುವವರ ಭಯ ನನಗೂ ಗೊತ್ತು. ಅದಕ್ಕೇ ಲೆಕ್ಕ ಇಟ್ಟುಕೊಂಡು ಮಾತಾಡಿ ಅನ್ನುತ್ತಿದ್ದೇನೆ. ಆರು ಗಂಟೆಗಿಂತ ಹೆಚ್ಚು ಕೆಲಸ ಇದ್ದರೆ 20 ನಿಮಿಷದ ಬಿಡುವು ನಿಮ್ಮ ಹಕ್ಕು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತು ಕೂಡ ಕೆಲಸದ ಹೊತ್ತೇ, ಕನಿಷ್ಠ ಕೂಲಿಯ ಲೆಕ್ಕಕ್ಕೆ ಅದು ಸೇರಬೇಕು. ಮೂರು ವಾರ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿ: ಎಷ್ಟಕ್ಕೆ ಹೊರಟಿರಿ, ಎಷ್ಟಕ್ಕೆ ಮುಟ್ಟಿದಿರಿ, ಎಲ್ಲಿ ಟಾಯ್ಲೆಟ್ ಇತ್ತು. ಆಮೇಲೆ ಪೇಸ್ಲಿಪ್ ಪಕ್ಕಕ್ಕಿಟ್ಟು ನೋಡಿ. ಮ್ಯಾನೇಜರ್ ಹತ್ತಿರ ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಹೋಗಿ. "ನಮಗೆ ಕಷ್ಟ" ಅಂತ ಶುರು ಮಾಡುವ ಬದಲು "ಕಳೆದ ಚಳಿಗಾಲದಲ್ಲಿ ಎಷ್ಟು ಜನ ರಜೆ ಹಾಕಿದರು, ಅದಕ್ಕೆ ನಿಮಗೆ ಎಷ್ಟು ಖರ್ಚಾಯಿತು" ಅಂತ ಕೇಳಿ. ನಾನು ಹಾಗೆ ಕೇಳಿದ ಮೇಲೆಯೇ ನನ್ನ ರೋಟಾದಲ್ಲಿ ಹತ್ತು ಗಂಟೆಗೆ ಅರ್ಧ ಗಂಟೆ ಬಿಡುವು ಬಂದದ್ದು. ಒಪ್ಪದಿದ್ದರೆ ಏಕಾಸ್ ಅನ್ನುವ ಸಂಸ್ಥೆ ಇದೆ, ಫೋನ್ ಮಾಡಿ ಸಲಹೆ ಕೇಳಲು ದುಡ್ಡು ಕೊಡಬೇಕಿಲ್ಲ.

ಬಸುರಿ ಆದ ಸುದ್ದಿಯನ್ನು ಬಚ್ಚಿಡಬೇಡಿ. ಎಷ್ಟೋ ತಂಗಿಯರು ಐದು ತಿಂಗಳವರೆಗೂ ಹೇಳದೆ ಭಾರ ಎತ್ತುತ್ತಾರೆ, ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಬರಹದಲ್ಲಿ ತಿಳಿಸಿದ ಮೇಲೆ ನಿಮ್ಮ ಕೆಲಸದ ಅಪಾಯ ಏನು ಅಂತ ಮಾಲೀಕರು ನೋಡಿ ಬದಲಾಯಿಸಲೇಬೇಕು. ನೌಕರರಾಗಿದ್ದರೆ ತಪಾಸಣೆಗೆ ಹೋಗುವ ಹೊತ್ತಿಗೆ ಸಂಬಳ ಕಡಿಯುವಂತಿಲ್ಲ. ಮಗು ಹುಟ್ಟುವ ವಾರಕ್ಕೆ 15 ವಾರ ಮುಂಚಿನ ಹೊತ್ತಿಗೆ ಅದೇ ಕಡೆ 26 ವಾರ ದುಡಿದಿದ್ದು, ಸಂಬಳವೂ ನಿಗದಿ ಮಟ್ಟಕ್ಕೆ ಇದ್ದರೆ 39 ವಾರ ಹೆರಿಗೆ ವೇತನ, ಅದರಲ್ಲಿ ಮೊದಲ ಆರು ವಾರ ಸಂಬಳದ 90 ಪರ್ಸೆಂಟ್. "ವೀಸಾದಲ್ಲಿ ಪಬ್ಲಿಕ್ ಫಂಡ್ಸ್ ಇಲ್ಲ ಅಂತ ಬರೆದಿದೆ, ತೆಗೆದುಕೊಂಡರೆ ಕಳಿಸಿಬಿಡುತ್ತಾರೆ" ಅಂತ ಕೆಲವರು ಹೆದರುತ್ತಾರೆ. ಹೆರಿಗೆ ವೇತನ ಆ ಪಟ್ಟಿಯಲ್ಲಿಲ್ಲ. ಅದು ನಿಮ್ಮ ದುಡಿಮೆಯ ಮೇಲೆ ಬರುವ ಹಣ.

ಇಲ್ಲಿ ಅಂಗಡಿ, ಅಡುಗೆ ಕಾಂಟ್ರಾಕ್ಟ್, ಕ್ಲೀನಿಂಗ್ ಕೆಲಸ ಅಂತ ಸ್ವಂತ ಶುರು ಮಾಡಿದ ಅಣ್ಣಂದಿರೂ ಇದ್ದೀರಿ. ಹಿಂದಿನ ಸಾಲಿನಲ್ಲಿ ಕೂತರೂ ಕಾಣಿಸುತ್ತೀರಿ! "ನಾವು ಸಣ್ಣವರು, ಹೆರಿಗೆ ರಜೆ ಕೊಟ್ಟರೆ ಮುಳುಗಿಹೋಗುತ್ತೇವೆ, ಅದಕ್ಕೇ ಮದುವೆಯಾದ ಹುಡುಗಿಯರನ್ನು ಕೆಲಸಕ್ಕೆ ತೆಗೆದುಕೊಳ್ಳಲ್ಲ" ಅಂತ ನೀವೇ ಹೇಳಿದ್ದನ್ನು ಕೇಳಿದ್ದೇನೆ. ಮೊದಲನೆಯದು, ಹಾಗೆ ಮಾಡುವುದು ಇಲ್ಲಿ ಕಾನೂನು ತಪ್ಪು. ಎರಡನೆಯದು, ಆ ದುಡ್ಡು ನಿಮ್ಮದಲ್ಲ. ವರ್ಷಕ್ಕೆ 45,000 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ನ್ಯಾಷನಲ್ ಇನ್ಶೂರೆನ್ಸ್ ಕಟ್ಟುವ ಸಣ್ಣ ಮಾಲೀಕರಿಗೆ 2025ರ ಏಪ್ರಿಲ್‌ನಿಂದ, ಕೊಟ್ಟ 100 ಪೌಂಡ್ ಹೆರಿಗೆ ವೇತನಕ್ಕೆ ಸರ್ಕಾರ 108 ಪೌಂಡ್ 50 ಪೆನ್ಸ್ ವಾಪಸು ಕೊಡಲು ಶುರು ಮಾಡಿತು. ದೊಡ್ಡ ಕಂಪನಿಗಳಿಗೇ 92. ನಿಮ್ಮ ಅಕೌಂಟೆಂಟ್‌ಗೆ ಕೇಳಿ. ಪಳಗಿದ ಕೈಯನ್ನು ಕಳೆದುಕೊಂಡು ಹೊಸಬರಿಗೆ ಕಲಿಸಲು ಎರಡು ತಿಂಗಳು ಹಾಳು ಮಾಡುತ್ತೀರಲ್ಲ, ಆ ನಷ್ಟವನ್ನು ಮಾತ್ರ ಯಾವ ಸರ್ಕಾರವೂ ತುಂಬಿಕೊಡುವುದಿಲ್ಲ.

ಇನ್ನೊಂದು. 25ರಿಂದ 64 ವರ್ಷದ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಪರೀಕ್ಷೆ ಎನ್‌ಎಚ್‌ಎಸ್‌ನಲ್ಲಿ ಉಚಿತ. ಕಾಗದ ಬಂದರೆ ಬಿಸಾಡಬೇಡಿ. ಕೆಲಸಕ್ಕಿಟ್ಟವರು ಆ ಒಂದು ಬೆಳಿಗ್ಗೆ ಎರಡು ಗಂಟೆ ಬಿಟ್ಟುಕೊಡಿ. ಭಾಷೆಯ ಭಯ ಇದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ "ಕನ್ನಡ ಇಂಟರ್‌ಪ್ರಿಟರ್ ಬೇಕು" ಅಂತ ಹೇಳಿ, ಅದಕ್ಕೂ ದುಡ್ಡಿಲ್ಲ. ಜಿಪಿ ಹತ್ತಿರ ಹೆಸರು ನೋಂದಾಯಿಸಲು ವೀಸಾ ಕಾಗದವಾಗಲೀ ವಿಳಾಸದ ಪುರಾವೆಯಾಗಲೀ ಕಡ್ಡಾಯ ಅಲ್ಲ.

ಜಿಪಿ ಫಾರಂಗಳನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇವೆ. ತುಂಬಲು ಬರದಿದ್ದರೆ ನಾನು ಐದು ಗಂಟೆಯವರೆಗೆ ಇಲ್ಲೇ ಇರುತ್ತೇನೆ. ಟೀ ಆಗಿದೆ, ನೀರಿನ ಜಗ್ ಅದರ ಪಕ್ಕ ಇದೆ. ಟಾಯ್ಲೆಟ್ ಎಡಗಡೆ, ಯಾರನ್ನೂ ಕೇಳಬೇಕಿಲ್ಲ.