ಬ್ಯಾರಲ್ ಒಂದು ಬಿಡಿಭಾಗ ಅಲ್ರಿ, ಕಾನೂನಿನ ಕಣ್ಣಲ್ಲಿ ಅದೇ ಬಂದೂಕು

ಅಮೆರಿಕದ ಒಂದು ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಒಬ್ಬ ಮನುಷ್ಯ ಗ್ಯಾರೇಜಿನಲ್ಲಿ ಕೂತು, ಕಡಿಮೆ ಬೆಲೆಯ ಬೋಲ್ಟ್ ಆಕ್ಷನ್ ರೈಫಲ್ಲಿನ ಹಳೇ ಬ್ಯಾರಲ್ ಬಿಚ್ಚಿ ಹೊಸದನ್ನು ಕೂರಿಸ್ತಾನೆ. ಅಲ್ಲಿ ಸ್ಯಾವೇಜ್ ಕಂಪನಿಯ ರೈಫಲ್ ಈ ಕೆಲಸಕ್ಕೆ ಹೆಸರುವಾಸಿ, ಯಾಕಂದ್ರೆ ಅದರ ಬ್ಯಾರಲ್ಲನ್ನು ಹಿಡಿದಿರೋದು ಒಂದು ನಟ್ಟು. ನೋಡಿದ್ರೆ ಬೈಕಿನ ಸೈಲೆನ್ಸರ್ ಬದಲಿಸಿದಷ್ಟೇ ಸಲೀಸು ಅನ್ನಿಸ್ತದ.

ಈಗ ಬೈಲಹೊಂಗಲಕ್ಕೆ ಬರೋಣ. ಮನೆಯಲ್ಲಿ ಅಜ್ಜನ ಕಾಲದ ಲೈಸೆನ್ಸ್ ಬಂದೂಕು ಐತಿ, ಗುರಿ ತಪ್ಪಲಿಕ್ಕೆ ಹತ್ತೇತಿ. ಊರಲ್ಲಿ ಲೇತ್ ಮಷಿನ್ ಇಟ್ಟವರು ಟ್ರ್ಯಾಕ್ಟರಿನ ಶಾಫ್ಟನ್ನೇ ಕಡೆದು ಕೊಡ್ತಾರ, ಇದೊಂದು ಪೈಪು ಯಾಕ ಆಗಬಾರದು? ಈ ಪ್ರಶ್ನೆ ನನ್ನನ್ನೂ ಕೇಳಿದವರಿದ್ದಾರೆ. ಉತ್ತರ ಮೊದಲೇ ಹೇಳಿಬಿಡ್ತೀನಿ: ಮಾಡಬ್ಯಾಡ್ರಿ. ಯಾಕೆ ಅನ್ನೋದನ್ನ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ಅಂದ್ರೆ ಏನು ಅಂತ ಒಂದು ವ್ಯಾಖ್ಯೆ ಇದೆ. ಅದರಲ್ಲಿ ಬಂದೂಕಿನ ಬಿಡಿಭಾಗವೂ ಬಂದೂಕೇ. ಅಂದ್ರೆ ಚೀಲದಲ್ಲಿಟ್ಟ ಬರೀ ಬ್ಯಾರಲ್ ಕೂಡ ಬಂದೂಕಿನ ಲೆಕ್ಕಕ್ಕೇ ಬರ್ತದ. 5ನೇ ಕಲಂ ಪ್ರಕಾರ ಬಂದೂಕು ತಯಾರಿಸೋದಕ್ಕೆ, ಮಾರೋದಕ್ಕೆ ಅಷ್ಟೇ ಅಲ್ಲ, ಮಾರ್ಪಡಿಸೋದಕ್ಕೆ, ದುರಸ್ತಿ ಮಾಡೋದಕ್ಕೂ ಬೇರೆ ಲೈಸೆನ್ಸ್ ಬೇಕು. ನಿಮ್ಮ ಕೈಯಲ್ಲಿರೋದು ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್. ಅದು ದುರಸ್ತಿ ಲೈಸೆನ್ಸ್ ಅಲ್ಲ. ಬ್ಯಾರಲ್ ಕತ್ತರಿಸಿ ಗಿಡ್ಡ ಮಾಡೋದಕ್ಕೆ 6ನೇ ಕಲಂ, ಕೊರೆದ ನಂಬರ್ ಅಳಿಸೋದಕ್ಕೆ 8ನೇ ಕಲಂ ಅಡ್ಡ ಬರ್ತಾವು. 2019ರ ತಿದ್ದುಪಡಿ ಆದಮೇಲೆ ಅಕ್ರಮ ತಯಾರಿಕೆ, ಮಾರ್ಪಾಡು, ದುರಸ್ತಿಗೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ಲೇತ್ ಅಂಗಡಿಯವನು 'ದೋಸ್ತ ಕೇಳಿದ, ಮಾಡಿಕೊಟ್ಟೆ' ಅಂದ್ರೂ ಅದೇ ಕಲಂ. ಅವನ ಮನೆಯವರನ್ನೂ ನೆನಸ್ರಿ.

ಇನ್ನು ಕ್ಯಾಲಿಬರ್ ವಿಷಯ. ನಮ್ಮಲ್ಲಿ ಸಾಮಾನ್ಯರ ಕೈಗೆ ಸಿಗುವ ಬೋಲ್ಟ್ ಆಕ್ಷನ್ ಅಂದ್ರೆ ಸರ್ಕಾರಿ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್. ಒಳಗಿನ ಯಂತ್ರ ಹಳೇ ಲೀ-ಎನ್‌ಫೀಲ್ಡ್ ಮಾದರಿಯದು. ಹಂಗಾದ್ರೆ ಲೀ-ಎನ್‌ಫೀಲ್ಡಿನ .303 ಯಾಕಿಲ್ಲ? ಯಾಕಂದ್ರೆ ಅದು ಸೈನ್ಯದ ಕಾಡತೂಸು. ಅದು ಜನರ ಕೈಗೆ ಹೋಗಬಾರದು ಅಂತ ಬ್ರಿಟಿಷರ ಕಾಲದಲ್ಲೇ ಬೇಲಿ ಹಾಕಿದ್ರು, ಆ ಬೇಲಿ ಇವತ್ತಿಗೂ ಐತಿ. ರೈಫಲ್ ಒಂದೇ ಥರ ಕಂಡರೂ ಅದು ಅನುಮತಿ ಇರೋದೋ ನಿಷೇಧಿತವೋ ಅಂತ ತೀರ್ಮಾನಿಸೋದು ಬ್ಯಾರಲ್.

ಈ ಬೇಲಿಯ ಕಥೆ ನಮ್ಮ ನೆಲದ್ದೇ. 'ಹಲಗಲಿ ಬೇಡರು' ಲಾವಣಿ ಹತ್ತನೇ ಇಯತ್ತೆಯಲ್ಲಿ ಓದಿದ್ದು ನೆನಪೈತಿ? 1857ರಲ್ಲಿ ಹತಾರ ಒಪ್ಪಿಸ್ರಿ ಅನ್ನುವ ಕಾನೂನು ಬಂತು. ರಾಮದುರ್ಗದ ಆಚೆ ಮುಧೋಳ ಸೀಮೆಯ ಹಲಗಲಿಯವರು ಒಪ್ಪಲಿಲ್ಲ, ಊರಿಗೆ ಬೆಂಕಿ ಬಿತ್ತು, 19 ಜನ ಗಲ್ಲಿಗೇರಿದ್ರು. ಮರುವರ್ಷ ಮೇ ತಿಂಗಳಲ್ಲಿ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲೇ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ನರಗುಂದದ ಬಾಬಾಸಾಹೇಬನ ಕಡೆಯವರು ಕೊಂದರು. ಕಿತ್ತೂರಿನಲ್ಲಿ 1824ರಲ್ಲಿ ಥ್ಯಾಕರೆ ಗುಂಡಿಗೆ ಬಿದ್ದದ್ದಂತೂ ಮಕ್ಕಳಿಗೂ ಗೊತ್ತು. 1878ರ ಕಾಯ್ದೆ ಈ ಹೆದರಿಕೆಯಿಂದ ಹುಟ್ಟಿದ್ದು, ಅದರ ಜಾಗಕ್ಕೆ ಬಂದದ್ದೇ 1959ರದ್ದು. ಕೊಡಗಿನವರಿಗೆ ಆಗ ಸಿಕ್ಕ ವಿನಾಯಿತಿ ಇವತ್ತಿಗೂ ನಡೀತದ, ನಮಗಿಲ್ಲ. ಬೇಸರ ಆಗ್ತದೆ, ಸುಳ್ಳು ಹೇಳೋದಿಲ್ಲ. ಆದ್ರೂ ಬ್ಯಾರಲ್ ವಿಷಯದಲ್ಲಿ ಮಾತ್ರ ನಾನು ಕಾನೂನಿನ ಕಡೆಗೇ ನಿಲ್ತೀನಿ.

ಕಾರಣ ಹೆಡ್‌ಸ್ಪೇಸ್. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ಕಾಡತೂಸು ಕೂತು ನಿಲ್ಲುವ ಜಾಗಕ್ಕೂ ನಡುವಿನ ಅಳತೆ ಅದು. ಇದನ್ನು ಇಂಚಿನ ಸಾವಿರದ ಭಾಗಗಳಲ್ಲಿ ನೋಡ್ತಾರೆ, ಅದಕ್ಕಂತಲೇ ಬೇರೆ ಗೇಜ್ ಇರ್ತಾವು. ಸಡಿಲಾದ್ರೆ ಹಿತ್ತಾಳೆಯ ಕೋಶ ಹಿಂದೆ ಹರಿದು, ಬಿಸಿ ಗಾಳಿ ಮತ್ತು ಚೂರು ಬರೋದು ಎಲ್ಲಿಗೆ? ಬೋಲ್ಟಿನ ಹಿಂದಿರುವ ಕಣ್ಣಿಗೆ. ಶಾಫ್ಟಿನ ಉಕ್ಕು ಬ್ಯಾರಲ್ಲಿನ ಉಕ್ಕಲ್ಲ. ಕಾರ್ಖಾನೆಯಲ್ಲಿ ಮಾಮೂಲಿಗಿಂತ ಹೆಚ್ಚು ಒತ್ತಡದ ಗುಂಡು ಹಾರಿಸಿ ಪರೀಕ್ಷೆ ಮಾಡಿ, ಪಾಸಾದ್ರೆ ಮುದ್ರೆ ಒತ್ತುತ್ತಾರೆ. ಲೇತಿನಲ್ಲಿ ಕಡೆದದ್ದಕ್ಕೆ ಆ ಪರೀಕ್ಷೆ ಮಾಡೋದು ನಿಮ್ಮ ಮುಖವೇ.

ಅಂದಹಾಗೆ ಗುರಿ ತಪ್ಪಿದ್ರೆ ಬ್ಯಾರಲ್ಲೇ ಕೆಟ್ಟಿರಬೇಕಂತಿಲ್ಲ. ಎಷ್ಟೋ ಸಲ ಒಳಗೆ ತುಕ್ಕು, ಲೋಹದ ಮಡ್ಡಿ, ಇಲ್ಲಾ ಮರದ ಹಿಡಿಕೆಯ ತಿರುಪು ಸಡಿಲು. ಸ್ವಚ್ಛ ಮಾಡೋದು ಮಾಲೀಕನ ಕೆಲಸ. ಕಾಡತೂಸು ಎಲ್ಲಾ ತೆಗೆದು, ಛೇಂಬರ್ ಖಾಲಿ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿ, ಬೋಲ್ಟ್ ತೆಗೆದು ಹಿಂದಿನಿಂದ ರಾಡ್ ಹಾಕಿ ಒರೆಸ್ರಿ. ಕೊನೆಗೆ ತೆಳ್ಳಗೆ ಎಣ್ಣೆ.

ಅಷ್ಟಾದ್ರೂ ಸರಿಯಾಗಲಿಲ್ಲ ಅಂದ್ರೆ ದುರಸ್ತಿ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ಹತ್ರ ಹೋಗ್ರಿ. ಅವರ ಲೈಸೆನ್ಸಿನಲ್ಲಿ ದುರಸ್ತಿ ಅಂತ ಬರೆದೈತೇನು ನೋಡ್ರಿ, ಸಂಕೋಚ ಬ್ಯಾಡ. ನಿಮ್ಮ ಲೈಸೆನ್ಸ್ ಪುಸ್ತಕ ಜೊತೆಗಿರಲಿ, ಬಂದೂಕು ಬಿಟ್ಟು ಬರುವಾಗ ರಸೀದಿ ತಗೊಳ್ರಿ. ಬ್ಯಾರಲ್ ಬದಲಿಸಲೇಬೇಕು ಅಂತಾದ್ರೆ ಕೆಲಸಕ್ಕೆ ಮುಂಚೆ ಬೆಳಗಾವಿ ಡಿಸಿ ಆಫೀಸಿಗೆ ಲಿಖಿತ ಅರ್ಜಿ ಕೊಟ್ಟು ಕೇಳ್ರಿ, ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ರಿ. ಎಲೆಕ್ಷನ್ ಬಂದಾಗ ಬಂದೂಕು ಠಾಣೆಗೆ ಒಪ್ಪಿಸ್ತೀರಲ್ಲ, ಅಲ್ಲಿ ಪೊಲೀಸರು ನಂಬರನ್ನು ಪುಸ್ತಕದ ಜೊತೆ ತಾಳೆ ನೋಡ್ತಾರೆ. ಎರಡೂ ಹೊಂದಲಿಲ್ಲ ಅಂದ್ರೆ ಅವತ್ತು ತೋರಿಸೋಕೆ ಆ ಸೀಲು ಬಿದ್ದ ಹಾಳೆ ಬೇಕಾಗ್ತದ.